‘ಲೋಕುಸ್’ ಮತ್ತು ಎಲ್ಲೆಯ ಕಲ್ಲು: ಮೂರು ಶಾಸನಗಳ ಭಾಷೆಯನ್ನು ಕುರಿತು

ಬ್ರಿಟನ್ ಮತ್ತು ಐರ್ಲೆಂಡುಗಳ ಆರಂಭಕಾಲೀನ ಚರ್ಚುಗಳ ಭೂಮಿಯಲ್ಲಿ ದೊರೆತ ಕೆಲವು ಶಿಲೆಗಳನ್ನು ‘ಗಡಿಕಲ್ಲು’ಗಳೆಂದು ಕರೆಯುವ ರೂಢಿಯಿದೆ. ಇಲ್ಲಿ ಪರಿಶೀಲಿಸುವ ಮೂರು ಕಲ್ಲುಗಳಲ್ಲಿ ಮಾತ್ರ ಎಲ್ಲೆಯನ್ನು ಹೇಳುವ ಪದವೇ ಇಲ್ಲ. ಲ್ಯಾಟಿನ್ನಿನಲ್ಲಿ ಗಡಿಗೆ ‘ತೆರ್ಮಿನುಸ್’, ‘ಫಿನಿಸ್’ ಎಂಬ ಪದಗಳು ಸಿದ್ಧವಾಗಿದ್ದರೂ ಬರೆದವರು ಅವನ್ನು ಬಳಸಲಿಲ್ಲ. ಕಾಣುವುದು ‘ಸ್ಥಳ’, ‘ಹೊಲ’ ಎಂಬ ಸರಳ ನಾಮಪದಗಳು ಮಾತ್ರ. ಚತುಸ್ಸೀಮೆಯನ್ನು ದಿಕ್ಕುದಿಕ್ಕಿಗೂ ವಿವರಿಸುವ ಕನ್ನಡ ದಾನಶಾಸನಗಳನ್ನು ಓದಿ ರೂಢಿಯಾದವರಿಗೆ ಈ ಮೌನ ಎದ್ದು ಕಾಣುತ್ತದೆ. ಹಾಗಾದರೆ ಗಡಿಯ ಅರ್ಥ ಎಲ್ಲಿಂದ ಬಂದಿತು?

ನೈಋತ್ಯ ಸ್ಕಾಟ್ಲೆಂಡಿನ ವಿಟ್‌ಹಾರ್ನ್‌ನಲ್ಲಿರುವ ಪೇತ್ರನ ಕಲ್ಲನ್ನು ಸಾಮಾನ್ಯವಾಗಿ 7ನೆಯ ಶತಮಾನಕ್ಕೆ ಸೇರಿಸುತ್ತಾರೆ. ವೃತ್ತದೊಳಗಿನ ಶಿಲುಬೆಯ ಕೆಳಗೆ ಕಿರಿದಾದ ಬರಹವಿದೆ. ಮೊದಲ ಸಾಲು ಸವೆದಿದ್ದು, ಅಲ್ಲಿ ‘ಲೋಕುಸ್’ ಪದವನ್ನು ಗ್ರಹಿಸಲಾಗಿದೆ; ಮುಂದಿನ ‘ಪೆತ್ರಿ ಅಪುಸ್ತೊಲಿ’ ಸ್ಪಷ್ಟ. ‘ಅಪೊಸ್ತಲನಾದ ಪೇತ್ರನ ಸ್ಥಳ’ ಎಂಬುದು ತಾತ್ಪರ್ಯ. ಕ್ರಿಯಾಪದವಿಲ್ಲ, ದಾನಿಯಿಲ್ಲ; ಒಡೆತನವನ್ನು ಹೇಳುವ ಕೆಲಸವೆಲ್ಲ ಷಷ್ಠೀ ವಿಭಕ್ತಿಯದು. ವಿಟ್‌ಹಾರ್ನ್‌ನ ಚರ್ಚು ಸಂತ ಮಾರ್ಟಿನನ ಹೆಸರಿನದೆಂದು ಬೀಡ್ 731ರಲ್ಲಿ ಮುಗಿಸಿದ ತನ್ನ ಇತಿಹಾಸದಲ್ಲಿ ಹೇಳುತ್ತಾನೆ. ಆದ್ದರಿಂದ ಪೇತ್ರನ ‘ಸ್ಥಳ’ವು ಆ ಮುಖ್ಯ ಚರ್ಚಿಗಿಂತ ಬೇರೆಯಾದ ಒಂದು ಆವರಣವಾಗಿದ್ದಿರಬಹುದು. ಕಲ್ಲು ಊರಿನಿಂದ ದಕ್ಷಿಣಕ್ಕೆ ಹೋಗುವ ರಸ್ತೆಯ ಬದಿಯಲ್ಲಿ ನಿಂತಿತ್ತೆಂಬುದು ಈ ಊಹೆಗೆ ಪೋಷಕವಾಗಿದೆ.

ಎರಡನೆಯದು ಐರ್ಲೆಂಡಿನ ಆರ್ಮಾ ಕೌಂಟಿಯ ಕಿಲ್ನಸಾಗರ್ಟ್ ಕಂಬ. ಇದರ ಬರಹ ಲ್ಯಾಟಿನ್ ಅಲ್ಲ, ಹಳೆಯ ಐರಿಷ್. ಆದರೆ ವಿಟ್‌ಹಾರ್ನ್‌ನ ಪಾಠಕ್ಕೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನ ಸಿಗಲಾರದು. ಕೇರಾನ್ ಬಿಕ್‌ನ ಮಗ ತೆರ್ನೋಕ್ ಈ ಸ್ಥಳವನ್ನು ಅಪೊಸ್ತಲ ಪೇತ್ರನ ಆಶ್ರಯಕ್ಕೆ ಒಪ್ಪಿಸಿದನೆಂದು ಅದು ಹೇಳುತ್ತದೆ. ತೆರ್ನೋಕ್‌ನ ಮರಣವನ್ನು ಐರಿಷ್ ವಾರ್ಷಿಕ ವೃತ್ತಾಂತಗಳು 714 ಅಥವಾ 716ಕ್ಕೆ ಹಾಕುವುದರಿಂದ ಕಾಲನಿರ್ಣಯಕ್ಕೆ ಅಪರೂಪದ ಆಧಾರವೂ ಇದೆ. ವಾಕ್ಯದ ಆರಂಭವೇ ‘ಇನ್ ಲೋಕ್ ಸೊ’, ಎಂದರೆ ‘ಈ ಸ್ಥಳ’. ಕರ್ಮಪದವನ್ನು ಮೊದಲಿಗೆ ತಂದು, ಕ್ರಿಯಾರೂಪದೊಳಗೆ ಸೇರಿದ ಸರ್ವನಾಮದಿಂದ ಅದನ್ನು ಮತ್ತೆ ಹಿಡಿಯಲಾಗಿದೆ. ‘ಲೋಕ್’ ಲ್ಯಾಟಿನ್ನಿನ ‘ಲೋಕುಸ್’ನ ಎರವಲು. ಸಾಮಾನ್ಯ ಜಾಗಕ್ಕೆ ಐರಿಷ್‌ನಲ್ಲಿ ಸ್ವಂತ ಪದಗಳಿದ್ದೂ ಇದನ್ನು ಎರವಲು ಪಡೆದದ್ದು ಅದರ ಧಾರ್ಮಿಕ ಅರ್ಥಕ್ಕಾಗಿಯೇ ಎಂದು ನನಗೆ ತೋರುತ್ತದೆ. ವೆಲ್ಷ್‌ನಲ್ಲಿ ಮಠಕ್ಕಿರುವ ‘ಮನಾಖ್ಲೋಗ್’ ಪದದ ಉತ್ತರಭಾಗವೂ, ಬ್ರಿಟನಿಯ ಲೊಕ್ರೊನಾನ್, ಲೊಕ್ತುದಿ ಮೊದಲಾದ ಊರುಗಳ ಪೂರ್ವಭಾಗವೂ ಇದೇ ‘ಲೋಕುಸ್’. ಅದು ಬರಿಯ ಜಾಗವಲ್ಲ, ಪ್ರತಿಷ್ಠಿತವಾದ ಜಾಗ.

‘ಅಪೊಸ್ತಲ’ ಪದದ ರೂಪಗಳೂ ಇಲ್ಲಿ ಗಮನಾರ್ಹ. ಲ್ಯಾಟಿನ್ ‘ಅಪೊಸ್ತೊಲುಸ್’ನಲ್ಲಿ ಒತ್ತು ಎರಡನೆಯ ಅಕ್ಷರದ ಮೇಲಿದೆ. ವಿಟ್‌ಹಾರ್ನ್‌ನಲ್ಲಿ ‘ಒ’ ಹೋಗಿ ‘ಉ’ ಬಂದಿರುವುದು ಅಲ್ಲಿಯೇ. ಆದ್ದರಿಂದ ಒತ್ತಿಲ್ಲದ ಸ್ವರ ಸಡಿಲವಾಯಿತೆಂಬ ಸುಲಭ ವಿವರಣೆ ಸಲ್ಲುವುದಿಲ್ಲ. ಇದನ್ನು ಆ ಕಾಲದ ಲಿಪಿಕಾರರಲ್ಲಿ ಸಾಮಾನ್ಯವಾಗಿದ್ದ ಒ–ಉ ಪಲ್ಲಟವೆಂದು ತಿಳಿಯುವುದು ಮೇಲು. ಕಿಲ್ನಸಾಗರ್ಟ್‌ನ ‘ಅಪ್ಸ್ತೆಲ್’ನಲ್ಲಿ ಅದೇ ಸ್ವರ ಪೂರ್ತಿಯಾಗಿ ಲೋಪವಾಗಿದೆ. ಐರಿಷ್ ಒತ್ತನ್ನು ಮೊದಲ ಅಕ್ಷರಕ್ಕೆ ತಂದುದರ ಫಲವಿದು. ಒಂದು ಕಲ್ಲು ಬರಹದ ಅಭ್ಯಾಸಕ್ಕೆ ಸಾಕ್ಷಿ, ಇನ್ನೊಂದು ಬಾಯಿಮಾತಿಗೆ.

ಈಗ ಗಡಿಯ ಪ್ರಶ್ನೆ. 8ನೆಯ ಶತಮಾನದ ಆದಿಭಾಗದ ಐರಿಷ್ ಚರ್ಚು ಕಾನೂನುಗಳ ಸಂಕಲನ ‘ಕೊಲೆಕ್ತಿಯೊ ಕಾನೊನುಮ್ ಹಿಬೆರ್ನೆನ್ಸಿಸ್’ ಪವಿತ್ರ ಸ್ಥಳದ ಎಲ್ಲೆಗೆ ಸುತ್ತಲೂ ಗುರುತುಗಳಿರಬೇಕೆಂದು ವಿಧಿಸುತ್ತದೆ. ಅಲ್ಲಿ ‘ತೆರ್ಮಿನುಸ್’ ಪದ ಉಂಟು. ಎಂದರೆ ಎಲ್ಲೆಯೆಂಬುದು ಕಾನೂನಿನ ಗ್ರಂಥದ ಮಾತು; ಕಲ್ಲು ತಾನೇ ಆ ಗುರುತಾದ್ದರಿಂದ ‘ನಾನು ಗಡಿ’ ಎಂದು ಹೇಳಿಕೊಳ್ಳುವ ಅಗತ್ಯ ಅದಕ್ಕಿಲ್ಲ. ಅಲ್ಲಿ ನಿಂತಿರುವುದೇ ಅದರ ಅರ್ಥದ ಅರ್ಧ ಭಾಗ.

ಈ ಅರ್ಧವು ಕಳೆದುಹೋದಾಗ ಏನಾಗುತ್ತದೆಂಬುದಕ್ಕೆ ವೇಲ್ಸಿನ ಓಗ್‌ಮೋರ್ ಕೋಟೆಯಲ್ಲಿ 1929ರಲ್ಲಿ ದೊರೆತ, 11ನೆಯ ಶತಮಾನದ ಶಿಲುಬೆಗಂಬದ ತುಂಡು ಉದಾಹರಣೆ. ಅರ್ಥ್‌ಮೈಲ್ ಎಂಬಾತ ದೇವರಿಗೂ, ಗ್ಲಿಗುಯಿಸ್, ನೆರ್ತತ್ ಮತ್ತು ಬಿಷಪ್ ಫಿಲಿಗೂ ಹೊಲವನ್ನು ಕೊಟ್ಟನೆಂಬುದು ಎಲ್ಲರಿಗೂ ತಿಳಿದಿರಲಿ ಎಂದು ಅದರ ಲ್ಯಾಟಿನ್ ಬರಹ. ಚತುರ್ಥಿಯ ರೂಪ ಸ್ಪಷ್ಟವಾಗಿರುವುದು ‘ದೆಯೊ’ ಎಂಬಲ್ಲಿ. ಗ್ಲಿಗುಯಿಸ್, ನೆರ್ತತ್ ಎಂಬ ಹೆಸರುಗಳಿಗೆ ಲ್ಯಾಟಿನ್ ಪ್ರತ್ಯಯವೇ ಹತ್ತಿಲ್ಲ. ‘ದೆದಿತ್’ (ಕೊಟ್ಟನು) ಎಂಬ ಕ್ರಿಯಾಪದ ಪ್ರಥಮಪುರುಷದಲ್ಲಿದೆ, ಭೂತಕಾಲದಲ್ಲಿದೆ. ಪಶ್ಚಿಮ ಬ್ರಿಟನ್, ಬ್ರಿಟನಿ, ಐರ್ಲೆಂಡುಗಳ ದಾನಪತ್ರಗಳಿಗೆ ಇದು ಸಾಮಾನ್ಯ ಲಕ್ಷಣವೆಂದು ವೆಂಡಿ ಡೇವಿಸ್ 1982ರಲ್ಲಿ ತೋರಿಸಿದರು. ಹಾಗಿರುವಲ್ಲಿ ಶಾಸನ ದಾನವನ್ನು ಮಾಡುವುದಿಲ್ಲ, ಆಗಿಹೋದ ದಾನಕ್ಕೆ ಸಾಕ್ಷಿ ನುಡಿಯುತ್ತದೆ. ಕಾಗದದ ಮೇಲಿನ ಸಾಕ್ಷಿಗೆ ಎಲ್ಲೆಯ ವಿವರ ಬೇಕು. ಕಲ್ಲಿನ ಮೇಲಿನದಕ್ಕೆ ಬೇಡವೆಂದು ಕೆತ್ತಿಸಿದವರು ನಂಬಿದ್ದಂತಿದೆ: ‘ಅಗ್ರುಮ್’ ಎಂಬುದರ ಹಿಂದೆಯಾಗಲಿ ಮುಂದೆಯಾಗಲಿ ‘ಈ’ ಎಂಬ ನಿರ್ದೇಶಕವಿಲ್ಲ, ಕಲ್ಲೇ ನಿರ್ದೇಶಕ. ಅದನ್ನು ಕಿತ್ತು ಬೇರೆಡೆ ಬಳಸಿದ ಮೇಲೆ ದಾನಿಯ ಹೆಸರು ಉಳಿಯಿತು, ಪಡೆದವರ ಹೆಸರೂ ಉಳಿಯಿತು. ಕೊಟ್ಟ ಹೊಲ ಯಾವುದೆಂದು ಹೇಳಲು ಆ ಪಾಠಕ್ಕೆ ಶಕ್ತಿಯಿಲ್ಲ.