ಅಂದಂದಿನ ವಾಚನ

ದಾವಣಗೆರೆಯ ನಮ್ಮ ಹಳೆಯ ಮನೆಯಲ್ಲಿ ಅಡುಗೆಮನೆಯ ಬಾಗಿಲ ಹಿಂದೆ ಎರಡು ಕ್ಯಾಲೆಂಡರುಗಳು ತೂಗುತ್ತಿದ್ದವು. ಒಂದರಲ್ಲಿ ಹಾಲಿನ ಲೆಕ್ಕ, ಸಿಲಿಂಡರ್ ಬಂದ ದಿನ, ಚೀಟಿ ಕಟ್ಟುವ ತಾರೀಖು. ಇನ್ನೊಂದು ಚರ್ಚಿನಿಂದ ತಂದದ್ದು. ಅದರಲ್ಲಿ ಪ್ರತಿ ತಾರೀಖಿನ ಕೆಳಗೆ, ಆ ದಿನ ಬೈಬಲ್ಲಿನ ಯಾವ ಭಾಗವನ್ನು ಓದಬೇಕೆಂದು ಇರುವೆ ಸಾಲಿನಂಥ ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿರುತ್ತಿತ್ತು. ಬೆಳಗ್ಗೆ ಒಲೆ ಹಚ್ಚಿ ಹಾಲು ಕಾಯಲಿಟ್ಟ ಮೇಲೆ ಅವ್ವ ಕೇಳುತ್ತಿದ್ದ ಮೊದಲ ಮಾತು, "ಇವತ್ತು ಏನು ವಾಚನ, ನೋಡವ್ವ."

ಪಕ್ಕದ ಮನೆಯ ಲಿಂಗಾಯತರ ಅಜ್ಜಿಗೂ ದಿನಕ್ಕೊಂದು ವಚನ ಓದದೆ ಚಹಾ ಇಳಿಯುತ್ತಿರಲಿಲ್ಲ. "ನಮ್ದು ವಚನ, ನಿಮ್ದು ವಾಚನ. ಒಂದು ದೀರ್ಘ ಜಾಸ್ತಿ, ಅಷ್ಟೇ" ಎಂದು ಆಕೆ ಕಾಂಪೌಂಡಿನ ಆಚೆಯಿಂದ ನಗುತ್ತಿದ್ದರು. ಅವ್ವನೂ ನಗುತ್ತಿದ್ದಳು. ಆದರೆ ವ್ಯತ್ಯಾಸ ಒಂದು ದೀರ್ಘದ್ದಷ್ಟೇ ಅಲ್ಲ ಎಂದು ನನಗೆ ತಿಳಿಯಲು ಬಹಳ ವರ್ಷ ಬೇಕಾಯಿತು. ಅಜ್ಜಿ ತನಗೆ ಬೇಕಾದ ವಚನವನ್ನು ಆರಿಸಿಕೊಳ್ಳುತ್ತಿದ್ದರು. ನಮ್ಮ ವಾಚನವನ್ನು ನಾವು ಆರಿಸುವಂತಿರಲಿಲ್ಲ. ಅದು ತಾರೀಖಿನ ಜೊತೆಗೇ ಬರುತ್ತಿತ್ತು.

ಈ ಪದ್ಧತಿ ತೀರ ಹಳೆಯದಿರಬೇಕೆಂದು ನಾನು ಚಿಕ್ಕಂದಿನಲ್ಲಿ ಭಾವಿಸಿದ್ದೆ. ಹಾಗಲ್ಲ. ನಮ್ಮಜ್ಜಿಯ ಕಾಲದಲ್ಲಿ ಬಲಿಪೂಜೆ ಲ್ಯಾಟಿನ್ ಭಾಷೆಯಲ್ಲಿ ನಡೆಯುತ್ತಿತ್ತು. 1570ರಲ್ಲಿ ಗೊತ್ತುಮಾಡಿದ ಪೂಜಾಕ್ರಮ ಸುಮಾರು ನಾಲ್ಕು ಶತಮಾನ ಹೆಚ್ಚು ಬದಲಾಗದೆ ಉಳಿದಿತ್ತು. ಗುರುಗಳು ಪೀಠದ ಕಡೆ ಮುಖ ಮಾಡಿ ಓದಿಕೊಳ್ಳುವರು, ಹೆಂಗಸರು ತಲೆಗೆ ಸೆರಗು ಹೊದ್ದು ಜಪಸರ ಎಣಿಸುವರು. "ಅರ್ಥ ಆಗ್ತಿತ್ತಾ ಅಜ್ಜಿ?" ಎಂದು ಕೇಳಿದರೆ, "ದೇವರಿಗೆ ಅರ್ಥ ಆದ್ರೆ ಸಾಕಿತ್ತು" ಎನ್ನುತ್ತಿದ್ದಳು. ಆ ಭಕ್ತಿಯನ್ನು ನಾನು ಹಗುರಾಗಿ ಕಾಣಲಾರೆ. ಆದರೆ ರೂತಳ ಕಥೆಯಾಗಲಿ, ಸರೆಪ್ತದ ವಿಧವೆಯ ಕಥೆಯಾಗಲಿ ಆಕೆಗೆ ಗೊತ್ತೇ ಇರಲಿಲ್ಲ. ಮನೆಯಲ್ಲಿದ್ದದ್ದು ಪ್ರಾರ್ಥನೆಯ ಪುಸ್ತಕವೇ ಹೊರತು ಬೈಬಲ್ ಅಲ್ಲ.

ಹಾಗೆಂದು ಕನ್ನಡದಲ್ಲಿ ಬೈಬಲ್ ಇರಲಿಲ್ಲವೆಂದಲ್ಲ. ನಮಗೆ ದೂರವೇನಲ್ಲದ ಬಳ್ಳಾರಿಗೆ 1810ರಲ್ಲಿ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಎಂಬ ಪಾದ್ರಿ ಕನ್ನಡ ಕಲಿತು ಅನುವಾದಕ್ಕೆ ಕುಳಿತರು. 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗಿತ್ತು. ಆದರೆ ಅದು ಪ್ರೊಟೆಸ್ಟೆಂಟರ ಪುಸ್ತಕ. ಕಥೋಲಿಕರ ಮನೆಯ ಹೊಸ್ತಿಲು ದಾಟಲು ಅದಕ್ಕೆ ದಾರಿಯಿರಲಿಲ್ಲ. ಬಳ್ಳಾರಿಯಿಂದ ನಮ್ಮ ಅಡುಗೆಮನೆಗೆ ದೇವರ ವಾಕ್ಯ ಬರಲು ರೋಮ್ ಪಟ್ಟಣವನ್ನು ಸುತ್ತಿಬರಬೇಕಾಯಿತು!

1962ರಿಂದ 1965ರವರೆಗೆ ರೋಮ್‌ನಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ನಡೆಯಿತು. 1963ರ ಡಿಸೆಂಬರ್ 4ರಂದು ಹೊರಬಿದ್ದ ಅದರ ಮೊದಲ ಶಾಸನ ಪೂಜಾವಿಧಿಗೆ ಸಂಬಂಧಿಸಿದ್ದು. ಜನರ ಭಾಷೆಗೆ ಪೂಜೆಯಲ್ಲಿ ಎಡೆಯಿರಲಿ, ಬೈಬಲ್ಲಿನ ಹೆಚ್ಚು ಹೆಚ್ಚು ಭಾಗ ಜನರ ಕಿವಿಗೆ ಬೀಳಲಿ ಎಂದು ಅದು ಬಯಸಿತು. ಅದರಂತೆ 1969ರಲ್ಲಿ ಹೊಸ ವಾಚನಪಟ್ಟಿ ಸಿದ್ಧವಾಯಿತು. ಭಾನುವಾರಗಳಿಗೆ ಮೂರು ವರ್ಷದ ಸುತ್ತು: ಒಂದು ವರ್ಷ ಮುಖ್ಯವಾಗಿ ಮತ್ತಾಯ, ಮರುವರ್ಷ ಮಾರ್ಕ, ಅದರಾಚೆಗೆ ಲೂಕ. ಸಾಮಾನ್ಯ ಕಾಲದ ವಾರದ ದಿನಗಳಲ್ಲಿ ಮೊದಲನೆಯ ವಾಚನಕ್ಕೆ ಎರಡು ವರ್ಷದ ಸುತ್ತು, ಬೆಸ ವರ್ಷಕ್ಕೊಂದು, ಸಮ ವರ್ಷಕ್ಕೊಂದು. ಶುಭಸಂದೇಶ ಮಾತ್ರ ಪ್ರತಿವರ್ಷವೂ ಅದೇ. ಪಾಸ್ಖ ಹಬ್ಬಕ್ಕೆ ಮುಂಚಿನ ತಪಸ್ಸುಕಾಲದಲ್ಲಿ ವಾರದ ದಿನದ ಎಲ್ಲ ವಾಚನಗಳೂ ವರ್ಷ ವರ್ಷ ತಪ್ಪದೆ ಮರಳುತ್ತವೆ. ದಾವಣಗೆರೆಯಲ್ಲಿ ಓದಿದ್ದನ್ನೇ ಅದೇ ದಿನ ಹರಿಹರದಲ್ಲೂ ಓದುತ್ತಾರೆ, ಮನಿಲಾದಲ್ಲೂ ಓದುತ್ತಾರೆ.

ಪೂಜೆ ಕನ್ನಡಕ್ಕೆ ಬಂದಾಗ ನಾನಿನ್ನೂ ಲಂಗ ತೊಡುವ ಹುಡುಗಿ. ಅವ್ವ ಮಾತ್ರ ಬಾಯಾರಿದವಳು ಕೊಡಕ್ಕೆ ಬಾಯಿ ಹಚ್ಚಿದ ಹಾಗೆ ಕೇಳಿಸಿಕೊಂಡಳು. ಆಕೆ ಓದಿದ್ದು ನಾಲ್ಕನೆಯ ತರಗತಿ. ದಿನದ ವಾಚನವನ್ನು ನನ್ನಿಂದ ಓದಿಸಿ, ಒಂದೇ ಪ್ರಶ್ನೆ ಹಾಕಿಕೊಳ್ಳುತ್ತಿದ್ದಳು: "ಇದರಾಗೆ ನಮ್ಮ ಮನೆ ಎಲ್ಲೈತಿ?"

ಸರೆಪ್ತದ ವಿಧವೆಯ ದಿನ ಬಂತೆನ್ನಿ. ಬರಗಾಲದಲ್ಲಿ ಆಕೆಯ ಬಳಿ ಉಳಿದಿದ್ದು ಒಂದು ಹಿಡಿ ಹಿಟ್ಟು, ತಳಕ್ಕಂಟಿದ ಎಣ್ಣೆ. ಪ್ರವಾದಿ ಎಲೀಯ ಬಂದು ಮೊದಲು ನನಗೆ ರೊಟ್ಟಿ ಮಾಡಿಕೊಡು ಎನ್ನುತ್ತಾನೆ. ಅಂದು ಅವ್ವ ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆದು ನೋಡಿ, ಪಾತ್ರೆ ತೊಳೆಯಲು ಬರುವ ಹೆಂಗಸಿಗೆ ಮೊದಲ ರೊಟ್ಟಿ ತಟ್ಟಿಕೊಟ್ಟಳು. ಬಿಸಿಯದು, ಮಿಕ್ಕಿದ್ದಲ್ಲ.

ಮಾರ್ತ, ಮರಿಯ ಅಕ್ಕತಂಗಿಯರ ಕಥೆ ಬಂದರೆ ಮಾತ್ರ ಅವ್ವನಿಗೂ ಯೇಸುಸ್ವಾಮಿಗೂ ಸಣ್ಣ ಜಗಳ. ಮಾರ್ತ ಅಡುಗೆಮನೆಯಲ್ಲಿ ಬೇಯುತ್ತಿದ್ದಾಳೆ, ಮರಿಯ ಪಾದದ ಬಳಿ ಕುಳಿತು ಕೇಳುತ್ತಿದ್ದಾಳೆ, ಸ್ವಾಮಿ ಮರಿಯಳ ಪರ. "ಮಾರ್ತನೂ ಕುಂತಿದ್ರೆ ಊಟಕ್ಕೆ ಏನು ಬಡಿಸ್ತಿದ್ರು?" ಎಂದು ಅವ್ವ ಸೌಟು ಹಿಡಿದೇ ಕೇಳುವಳು. ನೀವೂ ಕೇಳಿದ್ದೀರಿ, ನಾನೂ ಕೇಳಿದ್ದೇನೆ. ಆದರೆ ಪ್ರತಿವರ್ಷ ಅದೇ ಕಥೆಯನ್ನು ಓದಿಸಿ ಓದಿಸಿ, ಒಮ್ಮೆ ಅವಳೇ ಹೇಳಿದಳು: "ಸ್ವಾಮಿ ಅಡುಗೆ ಮಾಡಬೇಡ ಅಂದಿಲ್ಲ ನೋಡು. ಬಂದ ಅತಿಥಿ ಹತ್ರ ಒಡಹುಟ್ಟಿದ ತಂಗಿ ಮೇಲೆ ಚಾಡಿ ಹೇಳಿದ್ಲಲ್ಲ, ಅದು ಸರಿ ಹೋಗಿಲ್ಲ."

ಆ ಮಾತು ನನಗೇ ಬರುತ್ತದೆಂದು ಆಗ ಗೊತ್ತಿರಲಿಲ್ಲ.

ಅವ್ವ ತೀರಿಕೊಂಡಾಗ ಆಕೆಯ ನಾಲ್ಕು ಚಿನ್ನದ ಬಳೆ ನನ್ನ ಬಳಿ ಉಳಿದವು. ಹಂಚಿಕೊಳ್ಳುವ ಮಾತು ಇಂದು, ನಾಳೆ ಎಂದು ಮುಂದೆ ಹೋಯಿತು. ತಂಗಿಯನ್ನು ಕೊಟ್ಟದ್ದು ಹರಿಹರಕ್ಕೆ. ಈ ಶತಮಾನದ ಮೊದಲ ವರ್ಷಗಳಲ್ಲಿ ಅವಳ ಗಂಡನ ಕೆಲಸ ಹೋಯಿತು. ಮಗನ ಕಾಲೇಜು ಫೀಸಿಗೆಂದು ಅವಳು ಬಳೆ ಕೇಳಲು ಬಂದಳು. ಅವಳು ಕೇಳಿದ್ದು ತನ್ನ ಪಾಲನ್ನು. ನಾನು ಅದಕ್ಕೆ ಉತ್ತರ ಕೊಡದೆ ಅವಳ ಗಂಡನ ಕೈಲಾಗದತನವನ್ನು ಎತ್ತಿ ಆಡಿದೆ. ಬಾಯಿಗೆ ಬಂದದ್ದೆಲ್ಲ ಅಂದೆ. ಅವಳು ಚಹಾದ ಲೋಟ ಕೆಳಗಿಟ್ಟು ಎದ್ದುಹೋದಳು. ದಾವಣಗೆರೆಯಿಂದ ಹರಿಹರಕ್ಕೆ ಸುಮಾರು 14 ಕಿಲೋಮೀಟರ್. ಆರು ವರ್ಷ ನಾವಿಬ್ಬರೂ ಆ ದೂರ ದಾಟಲಿಲ್ಲ.

ತಪಸ್ಸುಕಾಲದ ಮೊದಲನೆಯ ವಾರದ ಶುಕ್ರವಾರ ಬರುವ ಶುಭಸಂದೇಶ ಮತ್ತಾಯನ ಐದನೆಯ ಅಧ್ಯಾಯದ್ದು. ಸೋದರನ ಮೇಲೆ ಸಿಟ್ಟಾಗಿ ಹೀನವಾಗಿ ಬೈದವನೂ ಕೊಲೆಗಾರನಂತೆ ತೀರ್ಪಿಗೆ ಗುರಿಯಾಗುತ್ತಾನೆ. ಕಾಣಿಕೆ ತಂದವನಿಗೆ ಸೋದರನ ಮನಸ್ತಾಪ ನೆನಪಾದರೆ ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು, ಮೊದಲು ಹೋಗಿ ರಾಜಿಯಾಗಿ ಬರಬೇಕು ಎಂಬುದು ಅದರ ಸಾರ. ಮೊದಲ ವರ್ಷ ಅದನ್ನು ಕೇಳಿ, 'ಇದನ್ನು ನನ್ನ ತಂಗಿ ಕೇಳಬೇಕಿತ್ತು' ಎಂದುಕೊಂಡೆ. ಎರಡನೆಯ ವರ್ಷ ಆ ಶುಕ್ರವಾರ ತಲೆನೋವೆಂದು ಚರ್ಚಿಗೆ ಹೋಗಲಿಲ್ಲ. ಆದರೆ ಕ್ಯಾಲೆಂಡರ್ ಬಾಗಿಲ ಹಿಂದೆಯೇ ಇತ್ತಲ್ಲ! ನಾನೇ ಆರಿಸುವಂತಿದ್ದರೆ ಆ ಪುಟವನ್ನು ಜನ್ಮದಲ್ಲಿ ತೆರೆಯುತ್ತಿರಲಿಲ್ಲ.

ಆರನೆಯ ವರ್ಷ ಅದೇ ಶುಕ್ರವಾರ ಮೊದಲ ವಾಚನ ಓದುವ ಸರದಿ ನನ್ನದಾಯಿತು. ಪ್ರವಾದಿ ಎಜೆಕಿಯೇಲನ ಭಾಗ. ಕೆಟ್ಟವನು ತನ್ನ ದಾರಿ ಬಿಟ್ಟು ತಿರುಗಿದರೆ ಬದುಕುತ್ತಾನೆ, ಒಳ್ಳೆಯವನು ತನ್ನ ಒಳ್ಳೆಯತನ ಬಿಟ್ಟರೆ ಹಿಂದಿನ ಪುಣ್ಯ ಲೆಕ್ಕಕ್ಕೆ ಬರುವುದಿಲ್ಲ ಎಂದು ನನ್ನದೇ ದನಿ ಮೈಕಿನಲ್ಲಿ ನನಗೇ ಹೇಳಿತು. ಪುರಾಣ ಹೇಳಲು, ಬದನೆಕಾಯಿ ತಿನ್ನಲು ಎಂಬ ಗಾದೆ ಆಗ ನೆನಪಾಯಿತು. ಪೂಜೆ ಮುಗಿದ ಮೇಲೆ ಮನೆಗೆ ಹೋಗಿ ಎರಡು ಬಳೆಗಳನ್ನು ಕರವಸ್ತ್ರದಲ್ಲಿ ಗಂಟುಕಟ್ಟಿ ಹರಿಹರದ ಬಸ್ಸು ಹತ್ತಿದೆ.

ತಂಗಿ ಬಾಗಿಲು ತೆರೆದಳು. ಕೂದಲು ನರೆತಿತ್ತು. "ಒಳಗೆ ಬಾರಕ್ಕ, ಬಿಸಿಲಿದೆ" ಅಂದಳು. ಗೋಡೆಯ ಮೇಲೆ ಅದೇ ಕ್ಯಾಲೆಂಡರ್, ಅದೇ ತಾರೀಖು. ನಾನು ಬಳೆ ಮುಂದಿಟ್ಟೆ. ಅವಳು ಮುಟ್ಟಲಿಲ್ಲ. "ಆಗ ಬೇಕಿತ್ತಕ್ಕ. ಹುಡುಗ ಓದು ಬಿಟ್ಟು ಐದು ವರ್ಷ ಆಯ್ತು" ಎಂದಳು. ಅಷ್ಟೇ. ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ, ಇಂದಿಗೂ ಇಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವಳೇ ತಟ್ಟೆ ಹಾಕಿದಳು, ಒಪ್ಪೊತ್ತಿನ ದಿನದ ಅನ್ನ ಸಾರು. ಬಳೆಗಳನ್ನು ಅವಳು ತೆಗೆದುಕೊಂಡದ್ದು ಮುಂದಿನ ವರ್ಷ, ಆ ಹುಡುಗನ ಮದುವೆಗೆ.

ದಿನದ ವಾಚನ ಜೀವನದ ಕಷ್ಟಗಳನ್ನೆಲ್ಲ ಪರಿಹರಿಸುತ್ತದೆಂದು ಕೆಲವರು ಬರೆಯುತ್ತಾರೆ. ನನಗೆ ಹಾಗನ್ನಿಸದು. ಅದು ಹೋದ ಐದು ವರ್ಷವನ್ನು ಆ ಹುಡುಗನಿಗೆ ತಂದುಕೊಡಲಿಲ್ಲ. ಆದರೆ ನಾನು ಮರೆಯಬೇಕೆಂದಿದ್ದನ್ನು ಮರೆಯಲು ಬಿಡಲಿಲ್ಲ. ವರ್ಷಕ್ಕೊಮ್ಮೆ ತಪ್ಪದೆ ಬಂದು ಬಾಗಿಲು ತಟ್ಟಿತು.

ಈಗ ಪ್ರತಿವರ್ಷ ಸೆಪ್ಟೆಂಬರ್ 8ರಂದು, ಮಾತೆ ಮರಿಯಮ್ಮನವರ ಜನನದ ಹಬ್ಬಕ್ಕೆ, ನಾವಿಬ್ಬರೂ ಹರಿಹರದ ಆರೋಗ್ಯ ಮಾತೆಯ ಚರ್ಚಿಗೆ ಒಟ್ಟಿಗೆ ಹೋಗುತ್ತೇವೆ. 1988ರಲ್ಲಿ ಸ್ಥಾಪನೆಯಾದ ಶಿವಮೊಗ್ಗ ಧರ್ಮಪ್ರಾಂತ್ಯಕ್ಕೆ ಸೇರಿದ ಈ ಚರ್ಚನ್ನು ಪೋಪ್ ಫ್ರಾನ್ಸಿಸ್ ಅವರು 2019ರಲ್ಲಿ ಬಸಿಲಿಕಾದ ದರ್ಜೆಗೇರಿಸಿದರು. ಹರಿಹರೇಶ್ವರನ ಊರಿನಲ್ಲಿ ಜಾತಿಮತ ನೋಡದೆ ಹೆಂಗಸರು ಮೇಣದಬತ್ತಿ, ಹರಕೆ ಹಿಡಿದು ಬರುತ್ತಾರೆ. ಅಂದಿನ ಶುಭಸಂದೇಶ ಮತ್ತಾಯನ ಮೊದಲ ಅಧ್ಯಾಯ, ಯೇಸುಸ್ವಾಮಿಯ ವಂಶಾವಳಿ. ಪೂರ್ತಿ ಓದಿದರೆ ಬರೀ ಗಂಡಸರ ಹೆಸರಿನ ಉದ್ದನೆಯ ಪಟ್ಟಿ. ಆದರೆ ನಡುನಡುವೆ ಹೆಂಗಸರು ನಿಂತಿದ್ದಾರೆ: ಮಾವನಿಂದ ನ್ಯಾಯ ಸಿಗದ ವಿಧವೆ ತಾಮಾರ, ಜೆರಿಕೋ ಊರಿನ ವೇಶ್ಯೆ ರಾಹಾಬ, ಅತ್ತೆಯ ಕೈಬಿಡದ ಪರದೇಶದ ಸೊಸೆ ರೂತ, ಹೆಸರನ್ನೂ ಹೇಳದೆ ಊರೀಯನ ಹೆಂಡತಿ ಎಂದಷ್ಟೇ ಕರೆದ ಒಬ್ಬಳು, ಕೊನೆಗೆ ಮರಿಯ. ಹರಕೆ ಹೊತ್ತು ಬಂದ ಹೆಂಗಸರ ನಡುವೆ ನಿಂತು ಅದನ್ನು ಕೇಳಿದಾಗ ಅವ್ವನ ಪ್ರಶ್ನೆಗೆ ಉತ್ತರ ಸಿಕ್ಕಂತಾಗುತ್ತದೆ. ನಮ್ಮ ಮನೆ ಅಲ್ಲೇ ಇದೆ.

2019ರಲ್ಲಿ ಪೋಪ್ ಫ್ರಾನ್ಸಿಸ್ ಅವರು ವರ್ಷದ ಒಂದು ಭಾನುವಾರವನ್ನು ದೇವರ ವಾಕ್ಯಕ್ಕೆಂದೇ ಮೀಸಲಿಟ್ಟರು. 2021ರ ಜನವರಿಯಲ್ಲಿ, ಅದುವರೆಗೆ ಗಂಡಸರಿಗಷ್ಟೇ ವಿಧಿಪೂರ್ವಕವಾಗಿ ಕೊಡುತ್ತಿದ್ದ ವಾಚಕರ ಸ್ಥಾನವನ್ನು ಹೆಂಗಸರಿಗೂ ತೆರೆದರು. ಅರ್ಥವಾಗದ ಲ್ಯಾಟಿನ್ನಿಗೆ ಜಪಸರ ಎಣಿಸುತ್ತ ಕುಳಿತ ಅಜ್ಜಿ ಇದನ್ನು ಕೇಳಿದ್ದರೆ ಏನೆನ್ನುತ್ತಿದ್ದಳೋ!

ಇಂದು ವಾಚನ ಮೊಬೈಲಿಗೂ ಬರುತ್ತದೆ. ಬೆಳಗ್ಗೆ ತಂಗಿ ಕಳಿಸುತ್ತಾಳೆ. ನಾನು ಕನ್ನಡಕ ಹುಡುಕಿಕೊಂಡು ಓದುತ್ತೇನೆ. ಹಾಲು ಉಕ್ಕುವುದರೊಳಗೆ ಮುಗಿಯುತ್ತದೆ. ಆಮೇಲೆ ಅದು ಯಾರಿಗೆ ಹೇಳಿದ್ದೆಂದು ಬೇರೆಯವರ ಮುಖ ಹುಡುಕದೆ, ಮೊದಲು ನನ್ನ ಅಡುಗೆಮನೆಯಲ್ಲೇ ಹುಡುಕಲು ನೋಡುತ್ತೇನೆ. ಕೆಲವು ದಿನ ಸಿಗುತ್ತದೆ, ಕೆಲವು ದಿನ ಇಲ್ಲ. ಸಿಗದ ದಿನ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆದು ಕೆಲಸಕ್ಕೆ ತೊಡಗುತ್ತೇನೆ. ನಾಳೆಯ ವಾಚನ ನಾಳೆ ಬರುತ್ತದೆ.