ಚಾಲುಕ್ಯರ ನಾಡಲ್ಲಿ ಸೈಕಲ್ ಸವಾರಿ

ಬಾದಾಮಿಯಿಂದ ಪಟ್ಟದಕಲ್ಲಿಗೆ ಸುಮಾರು 22 ಕಿಲೋಮೀಟರು, ಅಲ್ಲಿಂದ ಐಹೊಳೆಗೆ ಹತ್ತು–ಹದಿನೈದು. ಬೆಳಗಿನ ತಂಪಿನಲ್ಲೇ ಪೆಡಲು ತುಳಿದವರು ಬಿಸಿಲು ಇಳಿಯುವುದರೊಳಗೆ ಚಾಲುಕ್ಯರ ಎರಡು ಶತಮಾನ ಸುತ್ತಿ ಬರಬಹುದು. ಕಾರಿನವರಿಗೆ ಇದು ಸುಮಾರು ಒಂದು ಗಂಟೆಯ ಹಾದಿ, ನಷ್ಟ ಅವರದೇ.

ಬಾದಾಮಿಯ ಬಂಡೆಯ ಮೇಲೆ ಒಂದನೇ ಪುಲಕೇಶಿ ಕೋಟೆ ಕಟ್ಟಿಸಿದ್ದು 543ರಲ್ಲಿ. ಅಲ್ಲಿನ ಗುಹಾಲಯಗಳಲ್ಲಿ ಮೂರನೆಯದರ ಶಾಸನದ ಕಾಲ 578.

ದಾರಿಯಲ್ಲಿ ಮಹಾಕೂಟದ ಕಡೆ ಹ್ಯಾಂಡಲ್ ತಿರುಗಿಸಿದರೆ ಬುಗ್ಗೆ ನೀರಿನ ಹೊಂಡ ಸಿಗುತ್ತದೆ. ಚಾಲುಕ್ಯ ಅರಸ ಮಂಗಲೇಶನ ಶಾಸನಸ್ತಂಭ ಮಾತ್ರ ಅಲ್ಲಿಲ್ಲ, ಅದು ವಿಜಯಪುರದ ವಸ್ತುಸಂಗ್ರಹಾಲಯ ಸೇರಿದೆ.

ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಪಟ್ಟದಕಲ್ಲಿನಲ್ಲಿ. ಮಲಪ್ರಭೆ ಇಲ್ಲಿ ಉತ್ತರಕ್ಕೆ ಹರಿಯುತ್ತಾಳೆ. ಇಮ್ಮಡಿ ವಿಕ್ರಮಾದಿತ್ಯ ಕಂಚಿ ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಎಂಟನೇ ಶತಮಾನದಲ್ಲಿ ವಿರೂಪಾಕ್ಷ ದೇಗುಲ ಕಟ್ಟಿಸಿದಳು. ಅರಸರ ಹೆಸರು ಕಲ್ಲಿನಲ್ಲಿ ಉಳಿಯುವುದು ದೊಡ್ಡ ಮಾತಲ್ಲ. ಇಲ್ಲಿ ಶಿಲ್ಪಿಯ ಹೆಸರೂ ಉಳಿದಿದೆ: ಗುಂಡ ಅನಿವಾರಿತಾಚಾರಿ. ‘ತ್ರಿಭುವನಾಚಾರಿ’ ಎಂಬ ಬಿರುದು ಅವನಿಗೆ ಸಂದದ್ದನ್ನೂ ಶಾಸನ ಹೇಳುತ್ತದೆ. 1987ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿ ಸೇರಿದ ಊರಿದು.

ಐಹೊಳೆಯಲ್ಲಿ ಸೈಕಲ್ಲಿಗೆ ಸ್ಟ್ಯಾಂಡು ಹಾಕಿ ಮೇಗುತಿ ಗುಡ್ಡದ ಮೆಟ್ಟಿಲು ಹತ್ತಬೇಕು. ಮೇಲಿನ ಜಿನಾಲಯದ ಗೋಡೆಯಲ್ಲಿ ಕವಿ ರವಿಕೀರ್ತಿಯ 634ರ ಶಾಸನವಿದೆ. ಇಮ್ಮಡಿ ಪುಲಕೇಶಿ ಹರ್ಷವರ್ಧನನನ್ನು ಸೋಲಿಸಿದ್ದನ್ನು ಹಾಡಿಹೊಗಳಿದ ರವಿಕೀರ್ತಿ, ಸಂಕೋಚವೇನೂ ಪಡದೆ ತನ್ನನ್ನು ಕಾಳಿದಾಸ, ಭಾರವಿಯರ ಸಾಲಿನಲ್ಲಿ ಕೂರಿಸಿಕೊಂಡಿದ್ದಾನೆ. ಅವರಿಬ್ಬರ ಕಾಲ ನಿರ್ಣಯಿಸಲು ವಿದ್ವಾಂಸರು ಇಂದಿಗೂ ಈ ಸಾಲನ್ನೇ ಹಿಡಿಯುತ್ತಾರೆ.