ಖಂಡಸ್ಫುಟಿತ ಜೀರ್ಣೋದ್ಧಾರವೂ ಹಳೆಯ ವೇಗಯಾನಗಳೂ

ಕಲ್ಯಾಣ ಚಾಲುಕ್ಯರ ಕಾಲದ ದಾನಶಾಸನಗಳನ್ನು ಓದಿದವರಿಗೆ 'ಖಂಡಸ್ಫುಟಿತ ಜೀರ್ಣೋದ್ಧಾರ' ಎಂಬ ಸಮಾಸವು ಚಿರಪರಿಚಿತವಾದುದು. ಖಂಡವೆಂದರೆ ಮುರಿದುದು, ಸ್ಫುಟಿತವೆಂದರೆ ಬಿರಿದುದು, ಜೀರ್ಣವೆಂದರೆ ಸವೆದುದು. ಇವನ್ನು ಮರಳಿ ಎತ್ತಿ ನಿಲ್ಲಿಸುವುದೇ ಉದ್ಧಾರ. ದೇವರ ಅಂಗಭೋಗ ರಂಗಭೋಗಗಳಿಗೆ ಭೂಮಿಯನ್ನು ಬಿಟ್ಟ ದಾನಿಯು ಅದರೊಡನೆಯೇ ಈ ಕಾರ್ಯಕ್ಕೂ ಉತ್ಪನ್ನವನ್ನು ಗೊತ್ತುಮಾಡುತ್ತಿದ್ದನು. ಕಟ್ಟಿದುದು ಒಂದು ದಿನ ಬಿರಿಯದೆ ಇರದೆಂದು ಮೊದಲೇ ಬಗೆದು ಅದರ ರಕ್ಷಣೆಗೆ ದಾರಿಮಾಡಿಟ್ಟ ವಿವೇಕವಿದು. ಬಾಗಡಗೆಯೆಂದು ಹೆಸರಾಗಿದ್ದ ಇಂದಿನ ಬಾಗಲಕೋಟೆ, ಕಿಸುಕಾಡು ಎಪ್ಪತ್ತಕ್ಕೆ ಸೇರಿದ್ದ ಪಟ್ಟದಕಲ್ಲು, ಬಾದಾಮಿ, ಹುನಗುಂದ ಇವುಗಳ ಸುತ್ತಣ ನಾಡಿನಲ್ಲಿ ಇಷ್ಟು ಗುಡಿಗಳು ಉಳಿದು ಬಂದಿರುವುದಕ್ಕೆ ಈ ವಿವೇಕವೂ ಒಂದು ಕಾರಣವೆಂದು ಹೇಳಬಹುದು.

ಶಿಲೆಗೆ ಹೇಳಿದ ಈ ಮಾತು ಚಕ್ರಕ್ಕೂ ಸಲ್ಲುವುದೇ ಎಂಬುದು ಪ್ರಕೃತ ವಿಷಯ. ಹಳೆಯ ವೇಗದ ಮೋಟಾರುಗಳನ್ನು ಕೊಂಡು, ಬಿಚ್ಚಿ, ತುಕ್ಕನ್ನು ಕಳೆದು, ಮರಳಿ ಓಡುವಂತೆ ಮಾಡುವ ಆಸಕ್ತರು ನಮ್ಮ ನಾಡಿನಲ್ಲಿ ಈಗ ಕೆಲವರಿರುವರು. ಪಂಡಿತವರ್ಗವು ಇದನ್ನು ಸಿರಿವಂತರ ವಿನೋದವೆಂದು ಬದಿಗಿಡುವುದುಂಟು. ಆದರೆ ವಿನೋದವು ಶಾಸ್ತ್ರವಿಷಯವಲ್ಲವೆಂದು ನಮ್ಮ ಹಿರಿಯರು ಎಂದೂ ಬಗೆದಿರಲಿಲ್ಲ. ಮೂರನೆಯ ಸೋಮೇಶ್ವರನು ಕ್ರಿ. ಶ. 1130ರ ಸುಮಾರಿನಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಯಾನೋಪಭೋಗಕ್ಕೆಂದೇ ಒಂದು ಪ್ರಕರಣವುಂಟು. ಲೋಕಮಹಾದೇವಿಯು ಕ್ರಿ. ಶ. 740ರ ಸುಮಾರಿನಲ್ಲಿ ಪಟ್ಟದಕಲ್ಲಿನಲ್ಲಿ ಕಟ್ಟಿಸಿದ ವಿರೂಪಾಕ್ಷಾಲಯದ ಮೂಡಣ ಮುಖಮಂಟಪದ ಛತ್ತಿನಲ್ಲಿ ಸಪ್ತಾಶ್ವರಥಾರೂಢನಾದ ಸೂರ್ಯನು ಇಂದಿಗೂ ಕಾಣಿಸುವನು. ವೇಗದ ಯಾನದಲ್ಲಿ ಮನುಷ್ಯನಿಗಿರುವ ಮೋಹವು ಪೆಟ್ರೋಲಿನಿಂದ ಹುಟ್ಟಿದುದಲ್ಲ.

ಯಾನದ ಜೀರ್ಣೋದ್ಧಾರದಲ್ಲಿ ತಪ್ಪಿದರೆ ಏನಾಗುವುದೆಂಬುದಕ್ಕೆ ಹಂಪೆಯ ವಿಠ್ಠಲಾಲಯದ ಕಲ್ಲಿನ ರಥವೇ ಸಾಕ್ಷಿ. ಅದರ ಮೇಲೆ ಮೊದಲು ಇಟ್ಟಿಗೆಯ ಶಿಖರವೊಂದಿದ್ದಿತು, ಇಂದು ಅದಿಲ್ಲ. ಗ್ರೀನ್‌ಲಾ ಎಂಬ ಆಂಗ್ಲ ಅಧಿಕಾರಿಯು 1856ರಲ್ಲಿ ತೆಗೆದ ಛಾಯಾಚಿತ್ರದಲ್ಲಿ ಆ ಶಿಖರದ ಆಕಾರವು ನಮಗೆ ಕಾಣಸಿಗುವುದು. ರಥದ ಮುಂದೆ ಈಗಿರುವ ಆನೆಗಳು ಮೂಲದವಲ್ಲ. ಅಲ್ಲಿ ಕುದುರೆಗಳಿದ್ದುವೆಂಬುದಕ್ಕೆ ಅವುಗಳ ಹಿಂಗಾಲು ಬಾಲಗಳ ಗುರುತು ಹಿಂದೆ ಉಳಿದಿದೆ. ತಿರುಗುತ್ತಿದ್ದ ಗಾಲಿಗಳನ್ನು ಸವೆಯದಿರಲೆಂದು ಸಿಮೆಂಟಿನಿಂದ ಬಂಧಿಸಿರುವರು. ಒಂದೇ ರಥದಲ್ಲಿ ಮೂರು ಪಾಠಗಳಿವೆ: ಹೋದ ಅಂಗವು ಬರಹ ಚಿತ್ರಗಳಲ್ಲಾದರೂ ಉಳಿಯಬೇಕು, ಹೊರಗಿನಿಂದ ತಂದಿಟ್ಟ ಅಂಗವು ಕಾಲಾಂತರದಲ್ಲಿ ಮೂಲವೆಂದೇ ನಂಬಿಕೆಗೆ ಬರುವುದು, ರಕ್ಷಣೆಯ ಹೆಸರಿನಲ್ಲಿ ಯಾನದ ಯಾನತ್ವವೇ ಹೋಗಬಹುದು.

ಇದಕ್ಕೆ ಪ್ರತಿಯಾಗಿ ಬಾದಾಮಿಯ ಬನಶಂಕರಿಯ ತೇರನ್ನು ನೋಡಬೇಕು. ಪುಷ್ಯದ ಬನದ ಹುಣ್ಣಿಮೆಯ ದಿನ ಅದು ಎಳೆಯಲ್ಪಡುವುದು. ಹಗ್ಗವು ಮಾಡಲಗೇರಿಯಿಂದ ಹಳಿಬಂಡಿಯಲ್ಲಿ ಬರುವುದು. ಮರದ ತೇರಿನಲ್ಲಿ ಅಚ್ಚು ಸವೆದರೆ ಅಚ್ಚು, ಗಾಲಿ ಒಡೆದರೆ ಗಾಲಿ ಹೊಸದಾಗುವುದು ಸಹಜ. ತೇರು ಮಾತ್ರ ಅದೇ ತೇರು. ಓಡುವುದರಿಂದಲೇ ಅದು ಉಳಿದಿದೆ.

ಇನ್ನು ಮೋಟಾರುಗಳ ಮಾತು. ಸ್ವಾತಂತ್ರ್ಯಾನಂತರ ಪರದೇಶದ ಕಾರುಗಳ ಆಮದಿಗೆ ಬಿಗಿಯಾದ ತಡೆಯುಂಟಾದುದರಿಂದ ಇದ್ದುದನ್ನೇ ದುರಸ್ತಿಮಾಡಿ ಓಡಿಸುವ ವಿದ್ಯೆಯು ನಮ್ಮ ಮಿಸ್ತ್ರಿಗಳಲ್ಲಿ ಬೆಳೆಯಿತು. ಕನ್ನಡನಾಡಿನಲ್ಲಿಯೇ ಹುಟ್ಟಿದ ವೇಗಯಾನಗಳಲ್ಲಿ ಎರಡನ್ನು ಹೆಸರಿಸಬೇಕು. ಒಂದು, ಬೆಂಗಳೂರಿನ ಸಿಪಾನಿಯವರು 1982ರಿಂದ ತಯಾರಿಸಿದ 'ಡಾಲ್ಫಿನ್'. ಅದರ ಎಂಜಿನು 848 ಸಿ.ಸಿ.ಯದು, ಮೈಯು ಉಕ್ಕಿನ ತಗಡಲ್ಲ, ಗಾಜಿನ ನಾರನ್ನು ರಾಳದಲ್ಲಿ ಹುದುಗಿಸಿ ಮಾಡಿದುದು. ಹಗುರವಾದ ಕಾರಣ ಅದು ರ‍್ಯಾಲಿಗಳಲ್ಲಿ ಹೆಸರುಮಾಡಿತು. ಮತ್ತೊಂದು, ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ ಮತ್ತು ಯೆಜ್ಡಿ ಮೋಟಾರುಸೈಕಲ್ಲುಗಳು. ಅವು ಕಾರುಗಳಲ್ಲವಾದರೂ ಈ ಇತಿಹಾಸಕ್ಕೆ ಸೇರಿದುವೇ. ಆ ಕಾರ್ಖಾನೆಯು 1996ರಲ್ಲಿ ಮುಚ್ಚಿತು. ಹೊರನಾಡಿನಿಂದ ಬಂದುವುಗಳಲ್ಲಿ 1984ರಲ್ಲಿ ಹೊರಟು 2002ರಲ್ಲಿ ನಿಂತ ಹಿಂದುಸ್ತಾನದವರ 'ಕಂಟೆಸ್ಸಾ' ಗಣನೀಯವಾದುದು. ಸೊಲ್ಲಾಪುರದಿಂದ ಹೊಸಪೇಟೆಗೆ ಹೋಗುವ ಹೆದ್ದಾರಿಯು ಹುನಗುಂದ ಇಳಕಲ್ಲುಗಳ ಮೂಲಕವೇ ಹಾದುಹೋಗುವುದರಿಂದ ಈ ಯಾನಗಳು ನಮ್ಮ ಪ್ರಾಂತಕ್ಕೂ ಅಪರಿಚಿತವಲ್ಲ. ಧರ್ಮಸ್ಥಳದ ಹಳೆಯ ಕಾರುಗಳ ಸಂಗ್ರಹವೂ ಮೈಸೂರಿನ ಸಮೀಪದ 'ಪಯಣ' ಸಂಗ್ರಹಾಲಯವೂ ಇಂಥವು ಇತಿಹಾಸದ ಸಾಮಗ್ರಿಗಳೆಂಬ ಅರಿವನ್ನು ಜನರಲ್ಲಿ ಮೂಡಿಸಿವೆ.

ಇಲ್ಲಿ ಮೂಲಭೂತವಾದ ಪ್ರಶ್ನೆಯೊಂದು ಏಳುವುದು. ಬಿಡಿಭಾಗಗಳೆಲ್ಲ ಬದಲಾದ ಮೇಲೆ ಆ ಕಾರು ಅದೇ ಕಾರೇ? ಈ ಪ್ರಶ್ನೆ ನಮಗೆ ಹೊಸದಲ್ಲ. ನಾಗಸೇನನು ಯವನರಾಜ ಮಿಲಿಂದನಿಗೆ, ಈಸು ಅಚ್ಚು ಗಾಲಿಗಳನ್ನು ಬಿಟ್ಟು ರಥವೆಂಬುದೊಂದು ಬೇರೆ ವಸ್ತುವಿಲ್ಲವೆಂದು ತೋರಿಸಿದನು. ನೈಯಾಯಿಕರು ಅದನ್ನೊಪ್ಪದೆ, ಅವಯವಗಳಿಗಿಂತ ಭಿನ್ನನಾದ ಅವಯವಿಯುಂಟೆಂದರು; ಆದರೆ ಒಂದು ನೂಲನ್ನು ತೆಗೆದರೂ ಹಳೆಯ ಪಟವು ನಾಶವಾಗಿ 'ಖಂಡಪಟ'ವೆಂಬ ಹೊಸ ಪಟವು ಹುಟ್ಟುವುದೆಂದೂ ಹೇಳಿದರು. ಈ ಎರಡು ಮತಗಳಲ್ಲಿ ಯಾವುದನ್ನು ಹಿಡಿದರೂ ಜೀರ್ಣೋದ್ಧಾರಕನಿಗೆ ದಾರಿ ಕಾಣದು. ಇಲ್ಲಿ ನೆರವಾಗುವವರು ಮೀಮಾಂಸಕರು.

ಜೈಮಿನಿಯ ಆರನೆಯ ಅಧ್ಯಾಯದ ಮೂರನೆಯ ಪಾದದಲ್ಲಿ ಪ್ರತಿನಿಧಿಯ ವಿಚಾರವಿದೆ. ವಿಹಿತವಾದ ದ್ರವ್ಯವು ದೊರೆಯದಿದ್ದರೆ ನಿತ್ಯಕರ್ಮವನ್ನು ಬಿಡಬಾರದು. ವ್ರೀಹಿ ಇಲ್ಲದಿದ್ದರೆ ನೀವಾರವನ್ನು ತರಬೇಕು. ಆದರೆ ಇದಕ್ಕೆ ಕಟ್ಟುಗಳುಂಟು. ಪ್ರತಿನಿಧಿಯು ಮೂಲಕ್ಕೆ ಸದೃಶವಾಗಿರಬೇಕು. ನಿಷಿದ್ಧದ್ರವ್ಯವು ಪ್ರತಿನಿಧಿಯಾಗಲಾರದು. ಪ್ರತಿನಿಧಿಯೂ ಕೆಟ್ಟರೆ, ಅದಕ್ಕೆ ಸದೃಶವಾದುದನ್ನಲ್ಲ, ಮೂಲಕ್ಕೆ ಸದೃಶವಾದುದನ್ನೇ ಅರಸಬೇಕು. ದೇವತೆ, ಅಗ್ನಿ, ಮಂತ್ರ, ಕ್ರಿಯೆ ಇವುಗಳಿಗೆ ಮಾತ್ರ ಪ್ರತಿನಿಧಿಯೇ ಇಲ್ಲ.

ಈ ನ್ಯಾಯವನ್ನು ಮೋಟಾರಿಗೆ ಅನ್ವಯಿಸಿ ನೋಡೋಣ. ಟೈರು, ರಬ್ಬರು ಕೊಳವೆ, ಬ್ರೇಕಿನ ಪಟ್ಟಿ, ಬ್ಯಾಟರಿ ಇವು ವ್ರೀಹಿಸ್ಥಾನದವು, ಸವೆಯುವುದಕ್ಕಾಗಿಯೇ ಹುಟ್ಟಿದುವು. ಅವುಗಳನ್ನು ಬದಲಿಸದೆ ಓಡಿಸುವುದು ಅಪಾಯ. ದೇಶದಲ್ಲಿ 2025ರ ಹೊತ್ತಿಗೆ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲು ಬೆರೆತುದರಿಂದ, ಹಳೆಯ ಇಂಧನಕೊಳವೆಗಳನ್ನು ಅದನ್ನು ತಾಳುವ ಹೊಸವುಗಳಿಂದ ಬದಲಿಸುವುದು ದೋಷವಲ್ಲ, ಕರ್ತವ್ಯ. ಎಥನಾಲು ನೀರನ್ನು ಹೀರುವುದು, ಹಳೆಯ ರಬ್ಬರನ್ನು ಕೆಡಿಸುವುದು. ಆದರೆ ಚಾಸಿ, ಮೈಯ ಆಕಾರ, ಎಂಜಿನು ಇವು ದೇವತಾಸ್ಥಾನದವು. ಮೊದಲ ಕಂಟೆಸ್ಸಾಗಳಲ್ಲಿ ಅಂಬಾಸಡರಿನ 1489 ಸಿ.ಸಿ. ಎಂಜಿನೇ ಇದ್ದಿತು, ಮುಂದೆ ಇಸುಜು ಸಂಸ್ಥೆಯ 1.8 ಲೀಟರಿನ ಎಂಜಿನು ಬಂದಿತು. ಹಳೆಯದರಲ್ಲಿ ಇಸುಜುವನ್ನು ಕೂರಿಸಿದರೆ ವೇಗವೇನೋ ಹೆಚ್ಚುವುದು. ಆದರೆ ಹಂಪೆಯ ರಥಕ್ಕೆ ಆನೆಗಳನ್ನು ಕಟ್ಟಿದಂತಾಗುವುದು. ಪ್ರತಿಯ ಪ್ರತಿಯನ್ನು ನೋಡಿ ಮಾಡಿದ ಬಿಡಿಭಾಗವು ಸರಿಯಾಗಿ ಕೂರದೆಂಬುದು ಮಿಸ್ತ್ರಿಗಳ ಅನುಭವ; ಪ್ರತಿನಿಧಿಗೆ ಪ್ರತಿನಿಧಿಯಿಲ್ಲವೆಂಬ ಜೈಮಿನಿಯ ಮಾತಿಗೆ ಇದಕ್ಕಿಂತ ಸ್ಫುಟವಾದ ಭಾಷ್ಯ ಬೇಡ.

ಬೆಸುಗೆಯನ್ನು ಮರೆಮಾಡಬೇಕೇ ಎಂಬುದಕ್ಕೆ ಉತ್ತರವನ್ನು ಇಳಕಲ್ಲಿನ ಮಗ್ಗದಲ್ಲಿ ಕಾಣಬಹುದು. ಅಲ್ಲಿ ಸೀರೆಯ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಕೊಂಡಿಹಾಕಿ ಕೂಡಿಸಿ ನೇಯುವರು. ಆ ಕೂಡಿಕೆಯನ್ನು ಯಾರೂ ಮುಚ್ಚುವುದಿಲ್ಲ; ಅದೇ ಆ ಸೀರೆಯ ಲಕ್ಷಣ. ಹಳೆಯ ಕಾರಿನಲ್ಲಿ ಹೊಸ ತಗಡನ್ನು ಕೂಡಿಸಿದಲ್ಲಿಯೂ ಹಾಗೆಯೇ ಬರೆದಿಟ್ಟು ಹೇಳಬೇಕೇ ಹೊರತು ಪುಟ್ಟಿ ಬಣ್ಣಗಳಿಂದ ಮರೆಸಿ ಮೂಲವೆಂದು ಮಾರಬಾರದು.

ಕೊಳ್ಳುವವನು ಶಾಸನಪರೀಕ್ಷಕನಂತಿರಬೇಕು. ಬಾದಾಮಿ ಐಹೊಳೆ ಪಟ್ಟದಕಲ್ಲುಗಳ ಶಾಸನಗಳನ್ನು ಸಂಪಾದಿಸಿದ ಫ್ಲೀಟರು ಕೂಟಶಾಸನಗಳ ಪಟ್ಟಿಯೊಂದನ್ನೂ ಸಿದ್ಧಪಡಿಸಿದ್ದರು. ಹೇಳಿಕೊಂಡ ಶಕವರ್ಷಕ್ಕೆ ಲಿಪಿ ಹೊಂದದಿದ್ದರೆ ತಾಮ್ರಪಟವು ಕೂಟವೆಂದಾಗುವಂತೆ, ಆರ್. ಸಿ. ಪುಸ್ತಕದ ಅಂಕಿಯು ಚಾಸಿಯ ಮೇಲೆ ಕೊರೆದ ಅಂಕಿಗೂ ಎಂಜಿನಿನ ಅಂಕಿಗೂ ಹೊಂದದಿದ್ದರೆ ಆ ಕಾರಿನ ಚರಿತ್ರೆಯು ಕೂಟವಾದುದೆಂದು ಶಂಕಿಸಬೇಕು. ಹೊಳೆಯುವ ಬಣ್ಣವು ಪ್ರಮಾಣವಲ್ಲ. ಕೆಳಗೆ ಬಗ್ಗಿ ಚಾಸಿಯ ತುಕ್ಕನ್ನು ನೋಡುವುದೇ ಪ್ರತ್ಯಕ್ಷಪ್ರಮಾಣ. ಡಾಲ್ಫಿನ್ನಿನಂತಹ ಗಾಡಿಯಲ್ಲಿ ಇದು ಇನ್ನೂ ಅಗತ್ಯ. ಮೈ ತುಕ್ಕುಹಿಡಿಯದು, ಅದನ್ನು ಹೊತ್ತ ಉಕ್ಕು ಹಿಡಿಯುವುದು.

ರಾಜಶಾಸನವೂ ಈಚೆಗೆ ಇದೇ ನ್ಯಾಯವನ್ನು ಸ್ವೀಕರಿಸಿದೆ. ಕೇಂದ್ರ ಸರಕಾರವು 2021ರ ಜುಲೈಯಲ್ಲಿ ಹೊರಡಿಸಿದ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷಕ್ಕೆ ಮೀರಿದ, ಚಾಸಿ ಮೈ ಎಂಜಿನುಗಳಲ್ಲಿ ಗಣನೀಯ ಮಾರ್ಪಾಡಾಗದ ಗಾಡಿಗೆ ಪುರಾತನವೆಂಬ ಮನ್ನಣೆಯುಂಟು. ಹೊಸ ನೋಂದಣಿಗೆ 20,000 ರೂಪಾಯಿ. ಅವಧಿ ಹತ್ತು ವರ್ಷ. ಅಂಕಿತದಲ್ಲಿ 'ವಿಎ' ಎಂಬ ಗುರುತು. ಪ್ರದರ್ಶನ, ಸಂಶೋಧನೆ, ರ‍್ಯಾಲಿ, ದುರಸ್ತಿ ಮುಂತಾದುವುಗಳಿಗೆ ಮಾತ್ರ ಅದನ್ನು ರಸ್ತೆಗೆ ತರಬಹುದು.

ನಿಯಮವು ಯುಕ್ತವೇ. ಆದರೆ ಅದರಲ್ಲಿ ದೊಡ್ಡದೊಂದು ತೆರಪಿದೆ. ಖಾಸಗಿ ಕಾರಿನ ನೋಂದಣಿಯು 15 ವರ್ಷಕ್ಕೆ ಮುಗಿಯುವುದು. ಮುಂದೆ ಐದೈದು ವರ್ಷಕ್ಕೆ ಪರೀಕ್ಷೆ, ಶುಲ್ಕ. ಮನ್ನಣೆ ಬರುವುದು 50ಕ್ಕೆ. ನಡುವಣ 35 ವರ್ಷಗಳಲ್ಲಿ ಗಾಡಿಯು ಹೊಸದೂ ಅಲ್ಲ, ಪುರಾತನವೂ ಅಲ್ಲ. 1982ರ ಡಾಲ್ಫಿನ್ನಿಗೆ 50 ತುಂಬುವುದು 2032ರಲ್ಲಿ. 1984ರ ಕಂಟೆಸ್ಸಾಕ್ಕೆ 2034ರಲ್ಲಿ. ಅಷ್ಟರೊಳಗೆ ಗುಜರಿಗೆ ಹೋದುದಕ್ಕೆ ಯಾವ ಮನ್ನಣೆಯಿಂದ ಏನು ಫಲ? ಸ್ಮಾರಕಗಳಲ್ಲಿಯೂ ಇದನ್ನೇ ಕಂಡಿದ್ದೇವೆ. 1958ರ ಕಾನೂನು ನೂರು ವರ್ಷವಾದುದನ್ನು ಪ್ರಾಚೀನವೆನ್ನುವುದು. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಓಣಿಗಳು ಮುಳುಗಿದಾಗ, ನೂರಾಗದ ಮನೆ ಅಂಗಡಿಗಳಿಗಾಗಿ ಕೇಳುವ ಕಾನೂನಿರಲಿಲ್ಲ. ವಯಸ್ಸಾದ ಮೇಲೆ ಕಾಯುವೆವೆನ್ನುವ ನಿಯಮವು ವಯಸ್ಸಾಗಲು ಬಿಡಬೇಕು.

ಆದುದರಿಂದ ನನ್ನ ಸೂಚನೆಯಿಷ್ಟೆ. ಕರ್ನಾಟಕದಲ್ಲಿ ಹುಟ್ಟಿದ ಯಾನಗಳ ಉಳಿದ ಪ್ರತಿಗಳನ್ನು ಅಂಕಿಸಹಿತವಾಗಿ ಪಟ್ಟಿಮಾಡುವುದು. ಬಿಚ್ಚುವ ಮೊದಲು ಛಾಯಾಚಿತ್ರ ತೆಗೆಯುವುದು. ಬದಲಿಸಿದುದನ್ನೆಲ್ಲ ದಿನಾಂಕದೊಡನೆ ಬರೆದಿಡುವುದು. ತೆಗೆದ ಮೂಲಭಾಗವನ್ನು ಎಸೆಯದಿರುವುದು. ನಾನು ಯಂತ್ರಜ್ಞನಲ್ಲ, ಆದರೆ ಶಾಸನಗಳನ್ನು ಓದುವವರಿಗೆ ಈ ಕೆಲಸವು ಅಪರಿಚಿತವಲ್ಲ. ಕೊಡುವುದಕ್ಕಿಂತ ಕೊಟ್ಟುದನ್ನು ಪಾಲಿಸುವುದು ಮೇಲೆಂದು ನಮ್ಮ ದಾನಶಾಸನಗಳು ಕೊನೆಯಲ್ಲಿ ಸಾರುವುವು. ಕೊಂಡವನು ಒಡೆಯನಲ್ಲ, ಪಾಲಕನು. ತನ್ನ ಕೈಯಿಂದ ಮುಂದಿನವನ ಕೈಗೆ ಅದು ಓಡುತ್ತಲೇ ಹೋಗಬೇಕು.